ಹದಿನಾಲ್ಕು ಸಾವಿರ ಮೈಲಿ

ಗಾರ್ತ್‌ನ ಗ್ಯಾರೇಜಿನ ಅಂಗಳದಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ವರ್ಷದ್ದು. ಎರಡಕ್ಕೂ ಚರ್ಮದ ಸೀಟು. ಎರಡೂ ಯಾವುದೋ ಕಂಪನಿಯ ಮ್ಯಾನೇಜರ್ ಮಹಾಶಯರ ಕೈಯಲ್ಲಿ ನಾಲ್ಕು ವರ್ಷ ಓಡಿ ಬಂದವು. ಕಡುನೀಲಿಯದು ಪೆಟ್ರೋಲ್, ಬೆಳ್ಳಿ ಬಣ್ಣದ್ದು ಡೀಸೆಲ್. ನನ್ನ ಗಂಡ ಕ್ಲೈವ್ ಹತ್ತು ನಿಮಿಷದಿಂದ ಬೆಳ್ಳಿ ಬಣ್ಣದ್ದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. ನೀಲಿಯದರ ಕಡೆ ತಿರುಗಿಯೂ ನೋಡಿರಲಿಲ್ಲ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನಗೆ ಆಗಿಬರುವುದಿಲ್ಲ. ಅಲ್ಲಿ ಹಾಗೆ ನಿಂತಿದ್ದಾಗ, ನಾನು ಸಾಯುವುದೆಂದು ತೀರ್ಮಾನಿಸಿ ಮೂರು ವಾರವಾಗಿತ್ತು. ಅದಕ್ಕಾಗಿ ಏನೂ ಮಾಡಬೇಕಾಗಿರಲಿಲ್ಲ. ಮಾಡುತ್ತಿರುವುದನ್ನು ನಿಲ್ಲಿಸಿದರೆ ಸಾಕಿತ್ತು. ನನ್ನ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿದೆ. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ನಮ್ಮ ನನೀಟನ್ ಊರಾಚೆಯ ಡಯಾಲಿಸಿಸ್ ಘಟಕದಲ್ಲಿ ನಾಲ್ಕು ಗಂಟೆ ಯಂತ್ರಕ್ಕೆ ಅಂಟಿಕೊಂಡಿರುತ್ತೇನೆ. ಬೇಡವೆಂದರೆ ಯಾರೂ ಬಲವಂತ ಮಾಡುವುದಿಲ್ಲ. ಡಾಕ್ಟರ ಹತ್ತಿರ ಕೂತು ಹೇಳಬೇಕು, ಅವರು ಎರಡು ಸಲ ಕೇಳುತ್ತಾರೆ, ಒಂದು ಕಾಗದಕ್ಕೆ ಸಹಿ ಹಾಕಬೇಕು. ಆಮೇಲೆ ಹತ್ತು ದಿನ, ಹೆಚ್ಚೆಂದರೆ ಎರಡು ವಾರ. ನೋವಿರುವುದಿಲ್ಲವಂತೆ, ನಿದ್ದೆ ಜಾಸ್ತಿಯಾಗುತ್ತದಂತೆ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸಿದವಳಿಗೆ ಎರಡು ವಾರ ನಿದ್ದೆ ಎಂದರೆ ಭಯವೇನೂ ಆಗಲಿಲ್ಲ.

ಕಾರಣ ಕ್ಲೈವ್. ಅವನು ರಸ್ತೆಯ ಮನುಷ್ಯ. ಬಾಗಿಲ ಹಿಡಿ, ಬೀಗ, ತಿರುಗಣಿ ಮಾರುವ ಕಂಪನಿಗೆ ಮೂವತ್ತೊಂದು ವರ್ಷ ಪ್ರತಿನಿಧಿಯಾಗಿ ದುಡಿದವನು. ಸೋಮವಾರ ಬೆಳಿಗ್ಗೆ ಕೋಟನ್ನು ಹಿಂದಿನ ಕಿಟಕಿಯ ಕೊಕ್ಕೆಗೆ ನೇತುಹಾಕಿ ಹೊರಟರೆ ಗುರುವಾರ ಸಂಜೆ ಮನೆ ಸೇರುತ್ತಿದ್ದ. ದಕ್ಷಿಣದಲ್ಲಿ ಪ್ಲಿಮತ್, ಉತ್ತರದಲ್ಲಿ ಇನ್‌ವರ್ನೆಸ್, ನಡುವೆ ಇರುವ ಎಲ್ಲ ಹೆದ್ದಾರಿಗಳೂ ಅವನಿಗೆ ಮನೆಯಂಗಳ. ಮೂರು ವರ್ಷಕ್ಕೊಮ್ಮೆ ಕಂಪನಿ ಕಾರು ಬದಲಾಗುತ್ತಿತ್ತು, ಮತ್ತು ಯಾರಿಗೆ ಯಾವ ಕಾರು ಎಂಬುದರ ಮೇಲೆ ಯಾರಿಗೆಷ್ಟು ಬೆಲೆ ಎಂದು ಎಲ್ಲರೂ ಅಳೆಯುತ್ತಿದ್ದರು. ಕಡೆಗೆ ಪ್ರಾಂತ್ಯದ ಮೇಲಧಿಕಾರಿಯಾದಾಗ ಅವನಿಗೂ ದೊಡ್ಡವರ ದರ್ಜೆಯ ಡೀಸೆಲ್ ಕಾರು ಸಿಕ್ಕಿತು. ಆ ಸಂಜೆ ಅದನ್ನು ಮನೆ ಮುಂದೆ ನಿಲ್ಲಿಸಿ, ಬೀದಿಯವರೆಲ್ಲ ನೋಡಿದರೆಂದು ಖಾತ್ರಿಯಾದ ಮೇಲೆಯೇ ಒಳಗೆ ಬಂದಿದ್ದ. ನಿವೃತ್ತನಾದಾಗ ಅದನ್ನೇ ಕೊಂಡುಕೊಂಡ.

ಆಗ ನಮ್ಮ ಲೆಕ್ಕಾಚಾರವೇ ಬೇರೆ ಇತ್ತು. ಇಷ್ಟು ವರ್ಷ ಅವನೊಬ್ಬನೇ ನೋಡಿದ ಊರುಗಳನ್ನೆಲ್ಲ ನನಗೆ ತೋರಿಸುವುದು ಎಂದಿತ್ತು. ಎರಡು ಸಲ ಹೋದೆವು. ಮೂರನೆಯ ಸಲ ಪೆಟ್ಟಿಗೆ ಕಟ್ಟುವಷ್ಟರಲ್ಲಿ ನನ್ನ ಕಾಲು ಊದಿಕೊಂಡಿತು. ಅಲ್ಲಿಗೆ ಸರಿ. ದೇಶದ ಉದ್ದಗಲ ಅಳೆದವನು ಈಗ ಹೋಗಲು ಐದು ಮೈಲಿ, ಬರಲು ಐದು ಮೈಲಿ. ನನ್ನನ್ನು ಘಟಕದ ಬಾಗಿಲಲ್ಲಿ ಇಳಿಸಿ ಅವನು ಹೊರಗೇ ಉಳಿಯುತ್ತಿದ್ದ. ರಕ್ತ ಕಂಡರೆ ಅವನಿಗೆ ಆಗುವುದಿಲ್ಲ. ಕಾರ್ ಪಾರ್ಕಿನಲ್ಲೇ ಕೂತು ಪದಬಂಧ ಬಿಡಿಸುತ್ತೇನೆ ಎನ್ನುತ್ತಿದ್ದ. ನಾಲ್ಕು ಗಂಟೆ ಕಳೆದು ನಾನು ಹೊರಬಂದಾಗ ಪದಬಂಧ ತುಂಬಿರುತ್ತಿತ್ತು, ನನ್ನ ಸೀಟು ಬೆಚ್ಚಗಿರುತ್ತಿತ್ತು. ನನಗೆ ಚಳಿಯಾಗದಿರಲೆಂದು ಎಂಜಿನ್ ಓಡಿಸಿಕೊಂಡು ಕೂತಿದ್ದಾನೆ, ಪಾಪ, ಎಂದುಕೊಂಡು ಮನೆಯವರೆಗೂ ನಿದ್ದೆ ಮಾಡುತ್ತಿದ್ದೆ.

ಯಂತ್ರದ ಪಕ್ಕ ಕೂತಾಗ ನನ್ನ ಕಣ್ಣ ಮುಂದೆ ಅದೇ ಚಿತ್ರ. ನವೆಂಬರ್ ಚಳಿಯಲ್ಲಿ ಸ್ಟೀರಿಂಗಿಗೆ ಪತ್ರಿಕೆ ಆನಿಸಿಕೊಂಡು ಕೂತ ಮುದುಕ. ಅವನಿಗೆ ಅರವತ್ತೊಂಬತ್ತು, ಗಟ್ಟಿಮುಟ್ಟಾಗಿದ್ದಾನೆ, ಇನ್ನು ಹತ್ತು ವರ್ಷ ಆರಾಮವಾಗಿ ಓಡಾಡಬಲ್ಲ. ಆ ಹತ್ತು ವರ್ಷವನ್ನು ನಾನು ಕಾರ್ ಪಾರ್ಕಿನಲ್ಲಿ ಕಟ್ಟಿಹಾಕಿದ್ದೇನೆ. ಹಾಗಾಗಿ ಹೊಸ ವರ್ಷ ಕಳೆದ ಮೇಲೆ ನಿಲ್ಲಿಸುವುದೆಂದು ತೀರ್ಮಾನಿಸಿದೆ. ಡಾಕ್ಟರ್ ಅಡೆಯೆಮಿ ಅವರಿಗೆ, ಒಂದು ವಿಷಯ ಮಾತಾಡಬೇಕು, ಬಿಡುವು ಮಾಡಿಕೊಳ್ಳಿ ಎಂದು ಹೇಳಿಕಳಿಸಿದೆ. ಕ್ಲೈವ್‌ಗೆ ಹೇಳಲಿಲ್ಲ.

ಅಷ್ಟರಲ್ಲಿ ಹಳೆಯ ಕಾರು ವರ್ಷದ ಎಂಒಟಿ ತಪಾಸಣೆಯಲ್ಲಿ ಫೇಲಾಯಿತು. ತಳ ತುಕ್ಕು ಹಿಡಿದಿದೆ, ಇನ್ನು ರಸ್ತೆಗಿಳಿಸುವಂತಿಲ್ಲ ಎಂದರು. ಒಳ್ಳೆಯದೇ ಆಯಿತು ಎಂದುಕೊಂಡೆ. ನಾನು ಹೋಗುವ ಮುಂಚೆ ಅವನ ಕೈಗೆ ಒಂದು ಒಳ್ಳೆಯ ಕಾರು ಬಂದರೆ ನನಗೂ ನೆಮ್ಮದಿ.

ಹೀಗಾಗಿ ಗಾರ್ತ್‌ನ ಅಂಗಳ. ಗಾರ್ತ್ ಐವತ್ತರ ಆಸುಪಾಸಿನವನು. ಅವನು ಏಳು ವರ್ಷದ ಹುಡುಗನಾಗಿದ್ದಾಗ ನಾನು ಬಡಿಸಿದ ಬೇಯಿಸಿದ ಎಲೆಕೋಸನ್ನು ಜೇಬಿನಲ್ಲಿ ಬಚ್ಚಿಟ್ಟು ಸಿಕ್ಕಿಬಿದ್ದವನು. ಅದಕ್ಕೇ ಇರಬೇಕು, ನನ್ನ ಹತ್ತಿರ ಸುಳ್ಳು ಹೇಳಲು ಇಂದಿಗೂ ಹಿಂಜರಿಯುತ್ತಾನೆ. ಕೈ ಒರೆಸಿಕೊಂಡು ಬಂದವನು, ಕಾರು ಮಾರುವವರೆಲ್ಲ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದ.

"ವರ್ಷಕ್ಕೆ ಎಷ್ಟು ಮೈಲಿ ಓಡಿಸ್ತೀರಿ ಕ್ಲೈವ್?"

ಕ್ಲೈವ್ ತನ್ನ ಬೂಟು ನೋಡಿಕೊಂಡ. ಜಾಸ್ತಿ ಏನಿಲ್ಲ, ಎರಡು ಸಾವಿರ, ಎರಡೂವರೆ ಇರಬಹುದು ಎಂದ.

ಹಾಗಿದ್ದರೆ ಯೋಚನೆ ಮಾಡುವುದೇ ಬೇಡ, ಪೆಟ್ರೋಲ್ ತಗೊಳ್ಳಿ ಎಂದ ಗಾರ್ತ್. ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯಲು ಒಂದು ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ವೇಗವಾಗಿ ಓಡಬೇಕು. ಐದು ಮೈಲಿ ಹೋಗಿ ನಿಲ್ಲಿಸಿದರೆ ಮಸಿ ಕೂತಲ್ಲೇ ಕೂರುತ್ತದೆ, ಕಿತ್ತಳೆ ದೀಪ ಹತ್ತಿಕೊಳ್ಳುತ್ತದೆ, ಆರು ತಿಂಗಳಿಗೆ ಕಾರಿನ ಗಂಟಲು ಕಟ್ಟುತ್ತದೆ. ಪೆಟ್ರೋಲಿಗೆ ಈ ರಗಳೆಯಿಲ್ಲ; ಅಂಗಡಿಗೆ ಹೋಗಿ ಬಂದರೂ ಅದಕ್ಕೆ ಸಂತೋಷವೇ.

ಇದೆಲ್ಲ ಕ್ಲೈವ್‌ಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಡೀಸೆಲ್ ಎಳೆತವೇ ಬೇರೆ, ಸದ್ದೇ ಬೇರೆ, ಒಂದು ಸಲ ಟ್ಯಾಂಕ್ ತುಂಬಿಸಿದರೆ ತಿಂಗಳುಗಟ್ಟಲೆ ನೋಡಬೇಕಾಗಿಲ್ಲ ಎಂದೆಲ್ಲ ಗೊಣಗಿದ. ಗಾರ್ತ್ ನನ್ನ ಕಡೆ ತಿರುಗಿದ. ಈ ಹಟಮಾರಿಗೆ ನೀವಾದರೂ ಬುದ್ಧಿ ಹೇಳಿ ಎಂಬಂತೆ ನೋಡಿದ.

"ಡೀಸೆಲ್ಲೇ ಇರ್ಲಿ ಬಿಡು ಗಾರ್ತ್, ಅವನಿಗೆ ಅದೇ ಅಭ್ಯಾಸ," ಎಂದೆ.

ಇಬ್ಬರೂ ನನ್ನನ್ನೇ ನೋಡಿದರು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಕಾರಿನ ವಿಷಯಕ್ಕೆ ನಾನು ಕ್ಲೈವ್‌ನ ಮಾತಿಗೆ ಹೂಂ ಅಂದದ್ದು ಅದೇ ಮೊದಲು. ನನ್ನ ಲೆಕ್ಕ ನನಗಿತ್ತು. ಈ ಐದು ಮೈಲಿಯ ಓಡಾಟ ಇನ್ನು ಎಷ್ಟು ದಿನ? ಫೆಬ್ರವರಿಯ ಹೊತ್ತಿಗೆ ಅವನು ಒಬ್ಬಂಟಿ, ಬೇಕೆಂದಲ್ಲಿಗೆ ಹೋಗುವವನು. ದೂರ ಹೋಗುವವನಿಗೆ ಡೀಸೆಲ್ಲೇ ಸರಿ. ಇದನ್ನು ಗಾರ್ತ್‌ನ ಮುಂದೆ ಬಾಯಿಬಿಟ್ಟು ಹೇಳುವುದು ಹೇಗೆ?

ಗಾರ್ತ್‌ಗೆ ತಲೆಕೆಟ್ಟಿತು. ನಿಮ್ಮಿಷ್ಟ, ಆರು ತಿಂಗಳಾದ ಮೇಲೆ ನನ್ನ ಬೈಯಬೇಡಿ ಎಂದ. ಹಳೆಯ ಕಾರನ್ನು ಗುಜರಿಗೆ ಬರೆದುಕೊಳ್ಳಬೇಕಿತ್ತು. ತಪಾಸಣೆ ಮಾಡಿದ್ದು ಅವನ ಕೆಲಸದವನು, ಹಾಗಾಗಿ ಗಾರ್ತ್ ಕಂಪ್ಯೂಟರಿನಲ್ಲಿ ನಮ್ಮ ನಂಬರು ಹಾಕಿ ನೋಡಿದ. ಈ ದೇಶದಲ್ಲಿ ಹೆಂಡತಿಯಿಂದ ಏನನ್ನಾದರೂ ಮುಚ್ಚಿಡಬಹುದು, ಕಾರಿನ ಮೀಟರನ್ನು ಮಾತ್ರ ಮುಚ್ಚಿಡಲಾಗದು. ಪ್ರತಿ ವರ್ಷ ತಪಾಸಣೆಯ ದಿನ ಅದು ಎಷ್ಟು ತೋರಿಸಿತು ಎಂಬುದು ಸರ್ಕಾರದ ಕಡತದಲ್ಲಿ ದಾಖಲಾಗುತ್ತದೆ. ಕಾರಿನ ನಂಬರು ಗೊತ್ತಿರುವ ಯಾರು ಬೇಕಾದರೂ ನೋಡಬಹುದು. ಯಾರೂ ನೋಡುವುದಿಲ್ಲ, ಅಷ್ಟೆ. ಗಾರ್ತ್ ಗಟ್ಟಿಯಾಗಿ ಓದಿಬಿಟ್ಟ.

"ಹೋದ ನವೆಂಬರ್ ಒಂದು ಲಕ್ಷ ಮೂವತ್ತೊಂದು ಸಾವಿರ. ಈ ನವೆಂಬರ್ ಒಂದು ಲಕ್ಷ ನಲವತ್ತೈದು." ಆಮೇಲೆ ತಲೆಯೆತ್ತಿದ. "ಹದಿನಾಲ್ಕು ಸಾವಿರ ಓಡಿಸಿದ್ದೀರಲ್ಲ ಕ್ಲೈವ್?"

ಕ್ಲೈವ್ ಬೆಳ್ಳಿ ಬಣ್ಣದ ಕಾರಿನ ಬಾಗಿಲ ಹಿಡಿಯನ್ನು ಮೇಲೆತ್ತಿ, ಬಿಟ್ಟು, ಮತ್ತೆ ಎತ್ತಿ ಪರೀಕ್ಷಿಸುತ್ತಿದ್ದ. ಮೀಟರ್ ಕೆಟ್ಟಿರಬೇಕು ಎಂದ. ನಾಳೆ ಬಂದು ಹೇಳುತ್ತೇವೆ ಎಂದು ಹೊರಟೆವು.

ಗಾರ್ತ್ ಕೊಟ್ಟ ಎರವಲು ಕಾರಿನಲ್ಲಿ ಮನೆಗೆ ಹೋಗುತ್ತಾ ಲೆಕ್ಕ ಹಾಕಿದೆ. ಹೋಗಿ ಬರಲು ಹತ್ತು ಮೈಲಿ, ವಾರಕ್ಕೆ ಮೂರು ಸಲ, ವರ್ಷಕ್ಕೆ ಐವತ್ತೆರಡು ವಾರ. ಅಂಗಡಿ, ಗ್ರಂಥಾಲಯ, ಅವನ ತಂಗಿಯ ಮನೆ ಎಲ್ಲ ಸೇರಿಸಿದರೂ ಎರಡೂವರೆ ಸಾವಿರ ದಾಟಲಿಲ್ಲ. ಉಳಿದದ್ದು ಎಲ್ಲಿ ಹೋಯಿತು? ಅವನು ನನ್ನ ಕಣ್ಣಿಗೆ ಬೀಳದಿರುವುದು ವಾರಕ್ಕೆ ಮೂರು ಮಧ್ಯಾಹ್ನ ಮಾತ್ರ. ಸಹಜವಾಗಿಯೇ ಒಬ್ಬ ಹೆಂಗಸು ನನ್ನ ತಲೆಗೆ ಬಂದಳು. ಡರ್ಬಿ ಊರಿನ ಆಚೆ ಎಲ್ಲೋ ಇದ್ದಾಳೆ, ವಿಧವೆ, ಒಳ್ಳೆಯ ಕೇಕ್ ಮಾಡುತ್ತಾಳೆ. ದೀಪದ ಕಂಬ ನಾಲ್ಕು ದಾಟುವಷ್ಟರಲ್ಲಿ ಅವಳಿಗೆ ಕೂದಲ ಬಣ್ಣವನ್ನೂ ಕೊಟ್ಟಿದ್ದೆ. ವಿಚಿತ್ರವೆಂದರೆ, ಸಾಯಲು ಹೊರಟವಳಿಗೆ ಇದು ಅನುಕೂಲವೇ ಆಗಬೇಕಿತ್ತು. ಆದರೆ ನನಗೆ ಬಂದದ್ದು ಸಿಟ್ಟು.

ಮನೆಯಲ್ಲಿ ಕ್ಲೈವ್ ಆಲೂಗಡ್ಡೆ ಹೆಚ್ಚಲು ನಿಂತ. ನನ್ನಂಥವರಿಗೆ ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ ಎರಡು ಸಲ ನೀರು ಚೆಲ್ಲಬೇಕು, ಅದರಲ್ಲಿರುವ ಪೊಟ್ಯಾಸಿಯಂ ನಮಗೆ ವಿಷ. ರುಚಿಯೆಲ್ಲ ಚರಂಡಿಗೆ ಹೋದ ಮೇಲೆ ಉಳಿದದ್ದನ್ನು ನಾನು ತಿನ್ನುತ್ತೇನೆ. ಎರಡು ವರ್ಷದಿಂದ ಅದನ್ನು ಅವನೇ ಮಾಡುತ್ತಿದ್ದಾನೆ, ತನಗೂ ಅದನ್ನೇ ಬಡಿಸಿಕೊಳ್ಳುತ್ತಾನೆ. ಅವನ ಬೆನ್ನು ನೋಡುತ್ತಾ ಕೇಳಿದೆ.

"ಯಾರು ಅವಳು?"

ಅವನು ತಿರುಗಿದ. ಮುಖದಲ್ಲಿ ನಿಜವಾದ ಗೊಂದಲ. ಯಾವ ಅವಳು ಎಂದ. ಹದಿನಾಲ್ಕು ಸಾವಿರ ಮೈಲಿಯ ಅವಳು ಎಂದೆ. ಅವನು ಚಾಕು ಕೆಳಗಿಟ್ಟು, ಸ್ಟೂಲ್ ಎಳೆದು ಕೂತ.

ಶುರುವಾದದ್ದು ಆ ಕಿತ್ತಳೆ ದೀಪದಿಂದ. ನನ್ನ ಡಯಾಲಿಸಿಸ್ ಶುರುವಾಗಿ ಎರಡು ತಿಂಗಳಿಗೇ ಅದು ಹತ್ತಿಕೊಂಡಿತು. ಫಿಲ್ಟರ್ ಕಟ್ಟುತ್ತಿದೆ, ಹೆದ್ದಾರಿಗೆ ಒಯ್ಯಬೇಕು. ನಾನು ಒಳಗಿದ್ದಾಗ ಎಂ6 ಹೆದ್ದಾರಿ ಹಿಡಿದು ಉತ್ತರಕ್ಕೆ ಅರ್ಧ ಗಂಟೆ ಹೋಗಿ ವಾಪಸ್ ಬಂದ. ದೀಪ ಆರಿತು. ಎರಡು ವಾರ ಬಿಟ್ಟು ಮತ್ತೆ ಹತ್ತಿತು, ಮತ್ತೆ ಹೋದ. ಆಮೇಲೆ ದೀಪ ಹತ್ತುವ ಮುಂಚೆಯೇ ಹೋಗುವುದು ಒಳ್ಳೆಯದು ಎನ್ನಿಸಿತು. ಆಮೇಲೆ ಮಂಗಳವಾರ, ಗುರುವಾರ ತಪ್ಪದೆ ಹೋದ. ಸ್ಯಾಂಡ್‌ಬಾಕ್‌ನ ಹೆದ್ದಾರಿ ತಂಗುದಾಣದವರೆಗೆ ಅರವತ್ತು ಚಿಲ್ಲರೆ ಮೈಲಿ. ಅಲ್ಲಿ ಕಿಟಕಿ ಪಕ್ಕ ಕೂತು ಒಂದು ಚಹಾ ಕುಡಿದು, ಪದಬಂಧ ತುಂಬಿಸಿ, ವಾಪಸ್. ಶನಿವಾರ ರಸ್ತೆಯಲ್ಲಿ ಜನ ಜಾಸ್ತಿಯೆಂದು ತರಕಾರಿ ತರುತ್ತಿದ್ದ. ನನ್ನ ಸೀಟು ಬೆಚ್ಚಗಿರುತ್ತಿದ್ದದ್ದು ಈ ನೂರಿಪ್ಪತ್ತು ಮೈಲಿಯಿಂದ.

ಹೆಂಗಸಿನ ಕಥೆ ಅಲ್ಲಿಗೆ ಮುಗಿಯಿತು. ನನ್ನ ಸಿಟ್ಟು ಮುಗಿಯಲಿಲ್ಲ. ಎರಡು ವರ್ಷ ನಾನು ಆ ಕುರ್ಚಿಯಲ್ಲಿ ಮಿಸುಕಾಡುತ್ತಾ, ಇವನು ಹೊರಗೆ ನಡುಗುತ್ತಿದ್ದಾನೆಂದು ಕೊರಗಿದ್ದೇನೆ. ಸ್ವಲ್ಪ ಬೇಗ ಬಿಡಿಸು ತಾಯಿ, ಮನೆಯವರು ಕಾಯುತ್ತಿದ್ದಾರೆ ಎಂದು ನರ್ಸ್ ಜೋಸ್ಲಿನ್ ಹತ್ತಿರ ಎಷ್ಟು ಸಲ ಗೋಗರೆದಿದ್ದೇನೆ. ಇವನು ಸ್ಯಾಂಡ್‌ಬಾಕ್‌ನಲ್ಲಿ ಚಹಾ ಕುಡಿಯುತ್ತಿದ್ದ! ಕಿಡ್ನಿ ಕೆಟ್ಟ ನನಗೋ ನೀರಿಗೂ ಮಿತಿ, ಚಹಾ ದಿನಕ್ಕೆ ಎರಡೇ ಬಟ್ಟಲು, ಅದೂ ಅಳೆದು.

"ಹೋಗ್ತೀನಿ ಅಂತ ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತೋ ನಿನಗೆ?" ಎಂದೆ.

ಅವನು ಕೈಗೆ ಅಂಟಿದ್ದ ಆಲೂಗಡ್ಡೆ ಸಿಪ್ಪೆಯನ್ನು ಕಿತ್ತು ಹಾಕಿದ.

"ಏನಂತ ಹೇಳ್ಲಿ ಬೆರಿಲ್? ನಿನ್ನ ಅಲ್ಲಿ ಸೂಜಿಗೆ ಒಪ್ಪಿಸಿ ನಾನು ಸುತ್ತಾಡೋಕೆ ಹೋಗ್ತೀನಿ ಅಂತ್ಲಾ? ಆ ಬಾಗಿಲಲ್ಲಿ ನಿನ್ನ ಇಳಿಸ್ತಿದ್ದ ಹಾಗೇ ನನಗೆ ಉಸಿರು ಕಟ್ಟುತ್ತೆ. ರಸ್ತೆಗೆ ಬಿದ್ರೆ ಬಿಡುತ್ತೆ. ಡೀಸೆಲ್ ಇದ್ರೆ ಕಾರಿಗೆ ಬೇಕು ಅಂತ ಹೋಗ್ತೀನಿ. ಪೆಟ್ರೋಲ್ ತಗೊಂಡ್ರೆ ಕಾರಿಗೇನೂ ಬೇಡ. ಆಮೇಲೆ ಹೋಗೋದು ಬರೀ ನಾನು. ಹೆಂಡ್ತೀನ ಬಿಟ್ಟು ಓಡೋನು."

ಇದನ್ನು ಕೇಳಿ ನಾನು ಕರಗಬೇಕಿತ್ತು. ಕರಗಲಿಲ್ಲ. ಬಾಯಿ ಹಿಡಿತ ತಪ್ಪಿತು. ಹೇಳಬಾರದ ಹೊತ್ತಿನಲ್ಲಿ, ಹೇಳಬಾರದ ರೀತಿಯಲ್ಲಿ, ಆಲೂಗಡ್ಡೆ ಸಿಪ್ಪೆಯ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

"ನೀನು ಚಳಿಯಲ್ಲಿ ಕೂತಿರ್ತೀಯ ಅಂತ ನಾನು ಸಾಯೋಕೆ ಹೊರಟಿದ್ನಲ್ಲೋ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಡಾಕ್ಟರಿಗೆ ಹೇಳಿಕಳಿಸಿದ್ದು, ಹೊಸ ವರ್ಷ ಕಳೆಯಲಿ ಎಂದುಕೊಂಡದ್ದು, ಡೀಸೆಲ್ ಇರಲಿ ಅಂದದ್ದು ಯಾಕೆ ಎಂಬುದು, ಎಲ್ಲ ಒಂದೊಂದಾಗಿ ಬಿಡಿಸಿ ಹೇಳಿದೆ. ಅವನ ಮುಖ ಸುಣ್ಣದಂತಾಯಿತು. ಎದ್ದು ಒಲೆಯನ್ನು ಆರಿಸಿದ. ಮತ್ತೆ ಬಂದು ಅದೇ ಸ್ಟೂಲಿನ ಮೇಲೆ ಕೂತ.

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು. ಅಂತಿದ್ದೆ."

ಅವನು ಅತ್ತನೋ ಇಲ್ಲವೋ ನಾನು ನೋಡಲಿಲ್ಲ. ನೋಡಬಾರದೆಂದೇ ಕಿಟಕಿಯ ಕಡೆ ತಿರುಗಿದ್ದೆ. ಪಕ್ಕದ ಮನೆಯವರು ಕಸದ ತೊಟ್ಟಿಯನ್ನು ಗೇಟಿನ ಹೊರಗೆ ತಳ್ಳುತ್ತಿದ್ದರು. ಆಲೂಗಡ್ಡೆ ಹಾಗೇ ಬಿದ್ದಿತ್ತು. ಆ ರಾತ್ರಿ ಬೆಣ್ಣೆ ಸವರಿದ ಬ್ರೆಡ್ಡು ತಿಂದು ಮಲಗಿದೆವು.

ನನಗೆ ನಿದ್ದೆ ಹತ್ತಲಿಲ್ಲ. ಇವನು ಆರಾಮವಾಗಿದ್ದ ಎಂದ ಮೇಲೆ ನನ್ನ ಕಾರಣವೇ ಬಿದ್ದುಹೋಯಿತಲ್ಲ, ಈಗ ನನಗೆ ಏನು ಬೇಕು ಎಂದು ಮೊದಲ ಸಲ ಕೇಳಿಕೊಂಡೆ. ಉತ್ತರ ಅಷ್ಟು ಚಂದವಿರಲಿಲ್ಲ. ನನಗೆ ಸಾಕಾಗಿತ್ತು. ಸೂಜಿ ಸಾಕಾಗಿತ್ತು, ಎರಡು ಬಟ್ಟಲು ಚಹಾ ಸಾಕಾಗಿತ್ತು, ಯಂತ್ರ ಬಿಡಿಸಿದ ಮೇಲೆ ಮರುದಿನದವರೆಗೂ ಬಟ್ಟೆಯ ಮುದ್ದೆಯಾಗಿ ಬಿದ್ದಿರುವುದು ಸಾಕಾಗಿತ್ತು. ಸಾಕಾಯಿತು ಎಂದು ಹೇಳಲು ನಾಚಿಕೆಯಾಗಿ, ಅದಕ್ಕೆ ತ್ಯಾಗದ ಬಟ್ಟೆ ತೊಡಿಸಿದ್ದೆ. ಅವನು ಫಿಲ್ಟರಿನ ಹಿಂದೆ ಅಡಗಿದ್ದ, ನಾನು ಅವನ ಹಿಂದೆ ಅಡಗಿದ್ದೆ. ಅವನನ್ನು ಬೈಯಲು ನನಗೇನು ಹಕ್ಕಿತ್ತು? ಹಾಗೆಂದು ಯೋಚಿಸುತ್ತಲೇ ಇನ್ನೊಂದು ಸಂಗತಿ ಹೊಳೆಯಿತು. ಆ ಕಲ್ಪನೆಯ ವಿಧವೆಯ ಮೇಲೆ ನನಗೆ ಬಂದ ಸಿಟ್ಟು ಸಾಯುವವರ ಸಿಟ್ಟಾಗಿರಲಿಲ್ಲ. ಅವಳ ಮನೆಗೆ ಹೋಗಿ ಕೇಕಿನ ತಟ್ಟೆ ಸಮೇತ ಹೊರಗೆಳೆಯಬೇಕೆನ್ನುವಷ್ಟು ಕಸುವು ನನ್ನಲ್ಲಿತ್ತು. ಅಷ್ಟು ಕಸುವಿದೆಯೆಂದು ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಕ್ಲೈವ್ ಶೇವ್ ಮಾಡಿಕೊಂಡು, ಕೆಲಸಕ್ಕೆ ಹೋಗುವಾಗ ಕಟ್ಟುತ್ತಿದ್ದ ಟೈ ಕಟ್ಟಿಕೊಂಡು ಬಂದ. ಬರ್ತೀಯಾ ಎಂದ. ಹೋದೆವು.

ಗಾರ್ತ್ ಬೆಳ್ಳಿ ಬಣ್ಣದ ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದ. ರಾತ್ರಿಯಿಡೀ ಅವನೂ ಲೆಕ್ಕ ಹಾಕಿದ್ದನೆಂದು ಕಾಣುತ್ತದೆ. ಹದಿನಾಲ್ಕು ಸಾವಿರ, ಅದೂ ಹೆದ್ದಾರಿಯಲ್ಲಿ ಓಡಿಸುವುದಾದರೆ ನಾನು ನಿನ್ನೆ ಹೇಳಿದ್ದೇ ತಪ್ಪು, ನಿಮಗೆ ಡೀಸೆಲ್ಲೇ ಸರಿ, ಮೊದಲೇ ನಿಜ ಹೇಳಬಾರದಿತ್ತೇ ಎಂದ.

"ಪೆಟ್ರೋಲ್ ಕೊಡು," ಎಂದ ಕ್ಲೈವ್.

"ಎರಡು ಸಾವಿರ ಓಡಿಸ್ತೀನಿ ಅಂದಾಗ ಡೀಸೆಲ್ ಬೇಕು ಅಂದ್ರಿ. ಹದಿನಾಲ್ಕು ಸಾವಿರ ಅಂತ ಗೊತ್ತಾದ ಮೇಲೆ ಪೆಟ್ರೋಲ್ ಬೇಕಾ?"

"ಹೌದಪ್ಪ."

ಗಾರ್ತ್ ನನ್ನ ಕಡೆ ನೋಡಿದ. ಅಷ್ಟು ದೂರ ಓಡಿಸುವವರಿಗೆ ಪೆಟ್ರೋಲ್ ದುಬಾರಿ ಬೀಳುತ್ತದೆ, ಅಷ್ಟಕ್ಕಷ್ಟೇ ಎಳೆಯುತ್ತದೆ, ವಾರಕ್ಕೊಮ್ಮೆ ಬಂಕಿನ ಮುಂದೆ ನಿಲ್ಲಬೇಕು, ಆಮೇಲೆ ಗಾರ್ತ್ ಮೋಸ ಮಾಡಿದ ಅನ್ನಬೇಡಿ ಎಂದು ಒಂದೇ ಉಸಿರಿಗೆ ಹೇಳಿದ. ಅನ್ನುವುದಿಲ್ಲ, ನೀಲಿ ನನಗೂ ಇಷ್ಟ ಎಂದೆ. ಬಣ್ಣ ನೋಡಿ ಕಾರು ಕೊಳ್ಳುವ ಜನರ ಬಗ್ಗೆ ಅವನಿಗಿರುವ ಅಭಿಪ್ರಾಯ ಮುಖದಲ್ಲೇ ಕಾಣಿಸಿತು. ಕಾಗದಪತ್ರ ತರಲು ಒಳಗೆ ಹೋದ.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಯಾಕೆ ಪೆಟ್ರೋಲ್ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ, ಕಾರಿನ ಮೇಲ್ಛಾವಣಿಯ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ನೋಡದೆ.

"ಹೋಗ್ಬೇಕು ಅನ್ನಿಸಿದ್ರೆ ಹೋಗ್ತೀನಿ, ನಿನಗೆ ಹೇಳಿ ಹೋಗ್ತೀನಿ. ಹೋಗ್ಬೇಡ ಅನ್ನಿಸಿದ ದಿನ ನೀನೂ ಹೇಳ್ಬೇಕು. ಇನ್ಮೇಲೆ ಕಾರಿನ ಮೇಲೆ ಹಾಕೋದು ಬೇಡ."

ಸರಿ ಎಂದೆ. ಹಿಂದಿನ ಮಾತನ್ನು ಅವನು ಎತ್ತಲಿಲ್ಲ. ಡಾಕ್ಟರಿಗೆ ಏನು ಹೇಳುತ್ತೀಯ ಎಂದು ಆ ದಿನವೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಊಟದ ಹೊತ್ತಿಗೆ, ಚಹಾದ ಹೊತ್ತಿಗೆ, ಬಾಯಿಯವರೆಗೆ ಬಂದದ್ದನ್ನು ನುಂಗುವುದು ನನಗೆ ಕಾಣುತ್ತಿತ್ತು. ಕೇಳದೆ ಇರುವುದು ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ಅದು ನನ್ನ ತೀರ್ಮಾನವೆಂದು ನನಗೇ ಬಿಟ್ಟಿದ್ದ. ಅವನ ಮೇಲೆ ಪ್ರೀತಿ ಉಕ್ಕಿತು ಎಂದು ಹೇಳಲು ನನಗೆ ಸಂಕೋಚವೇನೂ ಇಲ್ಲ.

ಗುರುವಾರ ಹೊಸ ಕಾರಿನಲ್ಲಿ ಘಟಕಕ್ಕೆ ಹೋದೆವು. ಬಾಗಿಲಲ್ಲಿ ಇಳಿಸಿ ಹೋಗುವವನು ಅಂದು ಕಾರು ನಿಲ್ಲಿಸಿ ನನ್ನ ಚೀಲ ಹಿಡಿದು ಒಳಗೇ ಬಂದ. ಎರಡು ವರ್ಷದಲ್ಲಿ ಮೊದಲ ಸಲ. ಜೋಸ್ಲಿನ್ ಹುಬ್ಬೇರಿಸಿ, ಓಹೋ, ಯಜಮಾನರು ಇದ್ದಾರೆ ಅನ್ನೋದು ನಿಜ ಹಾಗಾದ್ರೆ ಎಂದು ಕಿಚಾಯಿಸಿ ಕುರ್ಚಿ ಹಾಕಿದಳು. ಅವಳು ಸೂಜಿ ಚುಚ್ಚುವಾಗ ಕ್ಲೈವ್ ಎದುರು ಗೋಡೆಯ ಬಾಗಿಲಿನ ತಿರುಗಣಿಯನ್ನೇ ನೋಡುತ್ತಿದ್ದ. ಕೊಳವೆ ಕೆಂಪಾಗುತ್ತಿದ್ದಂತೆ ಹಣೆಯಲ್ಲಿ ಬೆವರು ಒಡೆಯಿತು. ಆದರೂ ಏಳಲಿಲ್ಲ. ನನ್ನ ಇನ್ನೊಂದು ಕೈ ಹಿಡಿದುಕೊಂಡು ಇಪ್ಪತ್ತು ನಿಮಿಷ ಕೂತ. ಅಷ್ಟು ಸಾಕು, ಬಿದ್ದುಬಿಟ್ಟರೆ ಜೋಸ್ಲಿನ್‌ಗೆ ಎರಡು ಕೆಲಸ, ಹೋಗಿ ಬಾ ಎಂದೆ.

"ಸ್ಯಾಂಡ್‌ಬಾಕ್‌ಗೆ ಹೋಗಿ ಬರ್ಲಾ?"

"ಹೋಗು. ನಾಲ್ಕು ಗಂಟೆ ಪೂರ್ತಿ ಇರ್ತೀನಿ, ಅವಸರ ಮಾಡ್ಬೇಡ."

ಅವನು ಹೋದ. ಬಾಗಿಲ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದ. ನಾನು ಎಡಗೈಯನ್ನು ಎತ್ತಿದೆ.

ಒಂದು ಗಂಟೆ ಕಳೆದ ಮೇಲೆ ಡಾಕ್ಟರ್ ಅಡೆಯೆಮಿ ಬಂದರು. ಎತ್ತರದ ಮನುಷ್ಯ, ಮಾತಾಡುವ ಮುಂಚೆ ಕುರ್ಚಿ ಎಳೆದುಕೊಂಡು ನಮ್ಮ ಕಣ್ಣಿನ ಮಟ್ಟಕ್ಕೆ ಕೂರುತ್ತಾರೆ. ಪರದೆ ಎಳೆದರು. ನಾನು ಏನನ್ನು ಮಾತಾಡಲು ಕರೆದಿದ್ದೇನೆಂದು ಅವರಿಗೆ ಅಂದಾಜಿತ್ತೆಂದು ಕಾಣುತ್ತದೆ. ನನ್ನ ವಯಸ್ಸಿನವರು ಹಾಗೆ ಹೇಳಿಕಳಿಸುವುದು ಹೆಚ್ಚಾಗಿ ಅದೊಂದೇ ವಿಷಯಕ್ಕೆ. ಅವಸರವಿಲ್ಲ ಬೆರಿಲ್, ನಿಧಾನವಾಗಿ ಹೇಳಿ ಎಂದು ದನಿ ತಗ್ಗಿಸಿದರು.

ಹೇಳಬೇಕೆಂದುಕೊಂಡದ್ದನ್ನು ಮೂರು ವಾರದಿಂದ ಬಾಯಿಪಾಠ ಮಾಡಿಟ್ಟಿದ್ದೆ. ಅದರ ಒಂದು ಪದವೂ ಬರಲಿಲ್ಲ. ಕ್ಲೈವ್ ಈಗ ಎಲ್ಲಿರಬಹುದೆಂದು ಯೋಚಿಸುತ್ತಿದ್ದೆ. ಸ್ಟಾಫರ್ಡ್ ದಾಟಿರುತ್ತಾನೆ. ಅಲ್ಲಿಂದ ಮುಂದೆ ರಸ್ತೆ ಎಷ್ಟು ಉದ್ದವಿದೆ, ಅದರ ಪಕ್ಕದಲ್ಲಿ ಎಷ್ಟು ಊರುಗಳಿವೆ. ಅಲ್ಲೆಲ್ಲ ಕಿಡ್ನಿ ಕೆಟ್ಟವರು ಇರುವುದಿಲ್ಲವೇ?

"ಡಾಕ್ಟ್ರೇ, ಉತ್ತರದ ಕಡೆ ಯಾವುದಾದ್ರೂ ಊರಲ್ಲಿ, ನಮ್ಮವರು ಕಾರಲ್ಲಿ ಕರ್ಕೊಂಡು ಹೋದ್ರೆ, ದಾರೀಲಿ ಹೋಗೋ ನನ್ನಂಥೋಳನ್ನ ನಾಲ್ಕು ಗಂಟೆ ಯಂತ್ರಕ್ಕೆ ಹಾಕ್ತಾರಾ?"

ಅವರು ಜೇಬಿನಿಂದ ಪೆನ್ನು ತೆಗೆದು, ಹಾಕುತ್ತಾರೆ, ಆದರೆ ಜಾಗ ಸಿಗುವುದು ಕಷ್ಟ, ಈಗ ಬರೆದು ಹಾಕಿದರೂ ಮೂರು ತಿಂಗಳಾದರೂ ಕಾಯಬೇಕಾಗುತ್ತದೆ ಎಂದರು.

"ಬರೀರಿ. ಕಾಯ್ತೀನಿ," ಎಂದೆ.